ಒಂದೋ, ಏಳೋ? – ಸಂವಹನದ ಗಣಿತ ಮತ್ತು ನಮ್ಮ ಮನೆಯ ಒಂದು ತಂತಿ



ರೋಣ, ನರಗುಂದ, ಗಜೇಂದ್ರಗಡ – ಈ ಮೂರೂ ಊರುಗಳಲ್ಲಿ ನನ್ನ ಬಳಿ ಗಣಿತ ಕಲಿತವರಿಗೆ ನನ್ನದೊಂದು ಹಟ ನೆನಪಿರಬಹುದು. ರಜಾ ಅರ್ಜಿಯಾಗಲಿ, ಮನೆಗೆಲಸದ ಪುಟವಾಗಲಿ, ದಿನಾಂಕದ ಪಕ್ಕದಲ್ಲಿ ವಾರವನ್ನೂ ಬರೆಯಲೇಬೇಕು. ಬರೆಯದ ಅರ್ಜಿಯನ್ನು ನಾನು ಮರಳಿ ಕೊಡುತ್ತಿದ್ದೆ. "ತಾರೀಖು ಇದ್ದ ಮ್ಯಾಲೆ ವಾರ ಯಾಕ್ರಿ ಸರ?" ಎಂದು ಕೇಳಿದ ಧೈರ್ಯವಂತರೂ ನಿಮ್ಮಲ್ಲಿದ್ದರು. ಅಂದು ನಾನು "ಬರೆ ಅಂದರೆ ಬರೆ" ಎಂದಷ್ಟೇ ಹೇಳಿ ಕೂಡಿಸುತ್ತಿದ್ದೆ. ಶಿಕ್ಷಕನಾದವನು ಕೊಡಬಾರದ ಉತ್ತರವದು. ಆ ಸಾಲವನ್ನು ಇಂದು ತೀರಿಸುತ್ತಿದ್ದೇನೆ. ಅದಕ್ಕಾಗಿ ಅಮೆರಿಕದ ಒಬ್ಬ ಗಣಿತಜ್ಞನ ವಿಚಾರವನ್ನೂ, ನಮ್ಮ ಮನೆಯ ಒಂದು ದುಃಖವನ್ನೂ ಕೂಡಿಯೇ ಹೇಳಬೇಕಾಗಿದೆ.

1982ನೆಯ ಇಸವಿ. ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಅಕ್ಟೋಬರ್ 9ರ ಸಂಜೆ ಹಾಸ್ಟೆಲಿಗೆ ಒಂದು ತಂತಿ ಬಂದಿತು. ನಮ್ಮ ಕಡೆಯ ಹಿರಿಯರು ಅದನ್ನು 'ತಾರು' ಎನ್ನುತ್ತಿದ್ದರು. ತಾರು ಬಂತೆಂದರೆ ಓದುವ ಮೊದಲೇ ಹೆಂಗಸರು ಅಳುವುದಕ್ಕೆ ತೊಡಗುತ್ತಿದ್ದ ಕಾಲ. ಅದರಲ್ಲಿದ್ದವು ಐದೇ ಪದಗಳು: "ಫಾದರ್ ಆಪರೇಶನ್ ಹುಬ್ಬಳ್ಳಿ 17 ಕಮ್." ಕಳಿಸಿದವನು ನನ್ನ ಅಣ್ಣ. ತಂದೆಯವರ ಹೊಟ್ಟೆನೋವು ನಮಗೆಲ್ಲ ತಿಳಿದದ್ದೇ. 17ಕ್ಕೆ ಇನ್ನೂ ಎಂಟು ದಿನಗಳಿದ್ದವು. ಪಾಠಾಭ್ಯಾಸದ ತರಗತಿಗಳನ್ನು ಮುಗಿಸಿ 15ರ ರಾತ್ರಿ ಹೊರಡುವುದೆಂದು ನಿಶ್ಚಯಿಸಿದೆ. 12ರಂದು ಎರಡನೆಯ ತಂತಿ ಬಂದಿತು. ಅದರಲ್ಲಿ ಅಂಕಿಗಳಿರಲಿಲ್ಲ, ತಪ್ಪೂ ಇರಲಿಲ್ಲ. 11ರಂದು ಶಸ್ತ್ರಚಿಕಿತ್ಸೆಯಾಗಿ ಅದೇ ರಾತ್ರಿ ತಂದೆಯವರು ತೀರಿಕೊಂಡಿದ್ದರು. ನಾನು ರೋಣ ತಾಲ್ಲೂಕಿನ ನಮ್ಮ ಹಳ್ಳಿಯನ್ನು ಮುಟ್ಟಿದ್ದು 13ರ ಮಧ್ಯಾಹ್ನ. ಅಂತ್ಯಕ್ರಿಯೆ ಮುಗಿದಿತ್ತು. ಚಿಕಿತ್ಸೆಗೆ ಒಯ್ಯುವ ಮುನ್ನ ಅವರು ಎರಡು ಸಲ "ಸಣ್ಣಾಂವ ಬಂದನೇನು?" ಎಂದು ಕೇಳಿದ್ದರಂತೆ.

"17 ಎಂದಿತ್ತು" ಎಂದೆ ನಾನು. "11 ಎಂದು ಬರೆದಿದ್ದೆ" ಎಂದ ಅಣ್ಣ. ತಂತಿಯ ಕಾಗದ ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಉಳಿದಿತ್ತು. ಮುಂದೆ ಅದು ನನ್ನ ಕೈಗೆ ಬಂದಾಗಲೂ ನಾನು ಅಣ್ಣನಿಗೆ ತೋರಿಸಲಿಲ್ಲ. ಮಾತಿನಲ್ಲಿ ನಂಬದವನಿಗೆ ಕಾಗದ ಏಕೆ ತೋರಿಸಲಿ ಎಂಬ ಅಭಿಮಾನ. ನಾನು ಓದಿನ ನೆಪದಲ್ಲಿ ಉಳಿದುಕೊಂಡೆನೆಂದು ಅವನೂ, ಅವನು ಅವಸರದಲ್ಲಿ ತಪ್ಪು ಬರೆದನೆಂದು ನಾನೂ ಒಳಗೊಳಗೇ ತಿಳಿದುಕೊಂಡೆವು. ಮಾತು ನಿಲ್ಲಲಿಲ್ಲ; ಆದರೆ ಆ ವಿಷಯ ಮಾತ್ರ ಮತ್ತೆ ಬರಲಿಲ್ಲ.

ಇನ್ನು ಗಣಿತಜ್ಞನ ವಿಚಾರಕ್ಕೆ ಬರುತ್ತೇನೆ. ಕ್ಲಾಡ್ ಶಾನನ್ ಹುಟ್ಟಿದ್ದು 1916ರಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ. ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಈ ಹುಡುಗ, ಹೊಲದ ಮುಳ್ಳುತಂತಿಯ ಬೇಲಿಯನ್ನೇ ಬಳಸಿಕೊಂಡು ಅರ್ಧ ಮೈಲಿಯಾಚೆಯ ಗೆಳೆಯನ ಮನೆಗೆ ಟೆಲಿಗ್ರಾಫ್ ಕಳಿಸುವ ಏರ್ಪಾಡು ಮಾಡಿಕೊಂಡಿದ್ದನು. ಮುಂದೆ ಬೆಲ್ ಪ್ರಯೋಗಾಲಯ ಸೇರಿ, 1948ರ ಜುಲೈ ಮತ್ತು ಅಕ್ಟೋಬರ್ ತಿಂಗಳಲ್ಲಿ ಆ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ 'ಸಂವಹನದ ಒಂದು ಗಣಿತೀಯ ಸಿದ್ಧಾಂತ' ಎಂಬ ಪ್ರಬಂಧವನ್ನು ಎರಡು ಕಂತುಗಳಲ್ಲಿ ಪ್ರಕಟಿಸಿದರು. ಮರುವರ್ಷ ವಾರನ್ ವೀವರ್ ಎಂಬವರ ವಿವರಣೆಯೊಡನೆ ಅದು ಪುಸ್ತಕವಾಗಿ ಹೊರಬಂದಿತು.

ಅವರಿಗೆ ಪೂರ್ವಸೂರಿಗಳಿಲ್ಲದಿರಲಿಲ್ಲ. ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ಅತ್ಯಂತ ಬಳಕೆಯ ಅಕ್ಷರವಾದ 'ಇ'ಗೆ ಒಂದೇ ಚುಕ್ಕೆ, 'ಟಿ'ಗೆ ಒಂದೇ ಗೆರೆ ಕೊಟ್ಟಿದ್ದರ ಹಿಂದೆ, ಹೆಚ್ಚು ಬರುವುದನ್ನು ಚಿಕ್ಕದಾಗಿ ಬರೆಯಬೇಕೆಂಬ ಜಾಣತನವಿತ್ತು. ಬೆಲ್ ಸಂಸ್ಥೆಯವರೇ ಆದ ನೈಕ್ವಿಸ್ಟ್ 1924ರಲ್ಲಿ, ಹಾರ್ಟ್ಲಿ 1928ರಲ್ಲಿ ತಂತಿಯ ಮೂಲಕ ಎಷ್ಟು ವಿಷಯವನ್ನು ಸಾಗಿಸಬಹುದೆಂದು ಅಳೆಯಲು ಯತ್ನಿಸಿದ್ದರು. ಶಾನನ್ನರು ಇವೆಲ್ಲವನ್ನೂ ಒಂದು ಚೌಕಟ್ಟಿಗೆ ತಂದರು. ಆ ಚಿತ್ರ ಬಹಳ ಸರಳವಾದುದು. ಸಂದೇಶ ಹುಟ್ಟುವ ಮೂಲ ಒಂದು. ಅದನ್ನು ಸಂಕೇತವಾಗಿಸುವ ಪ್ರೇಷಕ ಎರಡು. ಸಂಕೇತ ಸಾಗುವ ದಾರಿ ಮೂರು. ಸಂಕೇತವನ್ನು ಮರಳಿ ಸಂದೇಶವಾಗಿಸುವ ಗ್ರಾಹಕ ನಾಲ್ಕು. ಅದು ತಲುಪಬೇಕಾದ ವ್ಯಕ್ತಿ ಐದು. ನಡುದಾರಿಯಲ್ಲಿ ಕರೆಯದೆ ಬಂದು ಸೇರುವ ಆರನೆಯವನು ಗದ್ದಲ.

ಮಾಹಿತಿಯನ್ನು ಅಳೆಯುವ ಬಗೆಯೂ ಸರಳವೇ. 32 ಮಕ್ಕಳ ತರಗತಿಯಲ್ಲಿ ನಾನು ಒಬ್ಬರನ್ನು ಮನಸ್ಸಿನಲ್ಲಿ ನೆನೆದರೆ, 'ಹೌದು–ಅಲ್ಲ' ಎಂಬ ಉತ್ತರದ ಐದು ಪ್ರಶ್ನೆಗಳಲ್ಲಿ ನೀವು ಅವರನ್ನು ಹಿಡಿಯಬಲ್ಲಿರಿ: 32, 16, 8, 4, 2, 1. ಹೀಗೆ ಅರ್ಧಕ್ಕರ್ಧ ಮಾಡುವ ಒಂದು ಉತ್ತರದ ಬೆಲೆಯೇ ಒಂದು 'ಬಿಟ್'. ಆ ಹೆಸರನ್ನು ಸೂಚಿಸಿದವರು ಜೆ. ಡಬ್ಲ್ಯೂ. ಟ್ಯೂಕಿ ಎಂದು ಶಾನನ್ನರೇ ಪ್ರಬಂಧದಲ್ಲಿ ಹೇಳಿದ್ದಾರೆ. ಮೊದಲೇ ಊಹಿಸಬಹುದಾದ ಸುದ್ದಿಯಲ್ಲಿ ಮಾಹಿತಿ ಕಡಿಮೆ, ಊಹಿಸಲಾಗದ ಸುದ್ದಿಯಲ್ಲಿ ಹೆಚ್ಚು.

ಇಲ್ಲಿಂದ ಅವರು ಭಾಷೆಗೆ ಬಂದರು. ಇಂಗ್ಲಿಷಿನ 26 ಅಕ್ಷರಗಳು ಮತ್ತು ಖಾಲಿ ಜಾಗ ಸೇರಿ 27 ಚಿಹ್ನೆಗಳು ಸಮನಾಗಿ ಬರುವುದಾದರೆ ಒಂದೊಂದಕ್ಕೆ ಸುಮಾರು 4.75 ಬಿಟ್ ಬೇಕು. 1951ರ ಪ್ರಬಂಧದಲ್ಲಿ, ವಾಕ್ಯದ ಮುಂದಿನ ಅಕ್ಷರ ಯಾವುದೆಂದು ಊಹಿಸುವ ಆಟವಾಡಿಸಿ, ನಿಜವಾದ ಬರವಣಿಗೆಯಲ್ಲಿ ಅಕ್ಷರವೊಂದಕ್ಕೆ ಸುಮಾರು ಒಂದು ಬಿಟ್ ಮಾತ್ರ ಇದೆಯೆಂದು ತೋರಿಸಿದರು. ಉಳಿದದ್ದೆಲ್ಲ ಹೇಳಿದ್ದನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳುವುದು. ನಮ್ಮ ಕಾವ್ಯಶಾಸ್ತ್ರದಲ್ಲಿ ಪುನರುಕ್ತಿ ದೋಷವೆನಿಸಿದೆ. ಶಾನನ್ನರ ಶಾಸ್ತ್ರದಲ್ಲಿ ಅದೇ ಕವಚ.

ಕನ್ನಡದಲ್ಲಿಯೇ ನೋಡಿರಿ. "ಅಕ್ಕ ನಾಳೆ ಬರುತ್ತಾಳೆ" ಎಂಬಲ್ಲಿ ಮಳೆಹನಿ ಬಿದ್ದು 'ಅಕ್ಕ' ಅಳಿಸಿಹೋದರೂ, ಬರುವವಳು ಹೆಣ್ಣು, ಒಬ್ಬಳೇ ಎಂದು ಕ್ರಿಯಾಪದ ಹೇಳುತ್ತದೆ. ನಾಮಪದ ಹೇಳಿದ್ದನ್ನು ಕ್ರಿಯಾಪದ ಇನ್ನೊಮ್ಮೆ ಹೇಳುವ ಈ ಸಂಪ್ರದಾಯ ವ್ಯರ್ಥವಲ್ಲ. ಗಜೇಂದ್ರಗಡದಲ್ಲಿ ನಾನು ಹಲಗೆಯ ಮೇಲೆ ವಾಕ್ಯ ಬರೆದು, ನಡುನಡುವೆ ಅಕ್ಷರಗಳನ್ನು ಅಳಿಸಿ ಓದಿಸುತ್ತಿದ್ದ ಆಟ ಕೆಲವರಿಗೆ ನೆನಪಿದ್ದೀತು. ಮೂರರಲ್ಲಿ ಒಂದು ಅಕ್ಷರ ಹೋದರೂ ನೀವು ಬಹುಮಟ್ಟಿಗೆ ಓದಿಬಿಡುತ್ತಿದ್ದಿರಿ. ಆದರೆ '4_7' ಎಂದು ಬರೆದರೆ ತರಗತಿಯೇ ಮೌನ. ಅಕ್ಷರಕ್ಕೆ ನೆರೆಹೊರೆಯ ಸಾಕ್ಷಿಯುಂಟು. ಒಂಟಿ ಅಂಕಿಗೆ ಸಾಕ್ಷಿಯಿಲ್ಲ.

ಈ ಸತ್ಯ ನಮ್ಮ ಹಿಂದಿನವರಿಗೆ ಗೊತ್ತಿತ್ತೆಂದು ನನಗೆ ಅನಿಸಿದ್ದು ನಮ್ಮ ತಾಲ್ಲೂಕಿನ ಸೂಡಿಯಲ್ಲಿ. ಅಲ್ಲಿಗೆ ಪ್ರವಾಸ ಹೋದಾಗ ಚಾಲುಕ್ಯರ ಕಾಲದ ಶಾಸನಗಳ ಮುಂದೆ ನಿಂತದ್ದು ನಿಮಗೂ ನೆನಪಿರಬೇಕು. ಆ ಕಾಲದ ಶಾಸನ ಕಾಲವನ್ನು ಹೇಳುವ ರೀತಿ ಎಂಥದು! ವರ್ಷದ ಎಣಿಕೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ. ಕೆಲವೆಡೆ ಸಂಕ್ರಾಂತಿಯೋ ಗ್ರಹಣವೋ ಕೂಡ. ಕಲ್ಲು ಸವೆದು ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ವರ್ಷಕ್ಕೂ ಸಂವತ್ಸರಕ್ಕೂ, ತಿಥಿಗೂ ವಾರಕ್ಕೂ ತಾಳೆ ನೋಡಿಯೇ ಶಾಸನತಜ್ಞರು ಕಾಲವನ್ನು ನಿರ್ಣಯಿಸುತ್ತಾರೆ. ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಅನುಮಾನಿಸುತ್ತಾರೆ. ಕಲ್ಲಿನಲ್ಲಿ ಅಕ್ಷರ ಕೊರೆಯುವುದು ಶ್ರಮದ ಕೆಲಸ. ಆದರೂ ಅವರು ಇದರಲ್ಲಿ ಜಿಪುಣತನ ಮಾಡಲಿಲ್ಲ.

ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಸಂಕೇತಗಳನ್ನು ಪ್ರಕಟಿಸಿದಾಗ, ಅದರ ತಿರುಳೂ ಇದೇ ಆಗಿತ್ತು: ಸಂದೇಶದ ಜೊತೆಗೆ ಅದರ ಸಾಕ್ಷಿಯನ್ನೂ ಕಳಿಸುವುದು. ಇಂದು ನಿಮ್ಮ ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ಮೊದಲ 11ರ ಸಾಕ್ಷಿಯಷ್ಟೇ.

ಇವೆಲ್ಲ ಪರದೇಶದ ವಿಚಾರವೆಂದು ತಿಳಿಯಬೇಡಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಅವರ ಸಂಗಡಿಗರು ಶಾನನ್ನರ ಅಳತೆಗೋಲನ್ನು ಭಾರತೀಯ ಭಾಷೆಗಳಿಗೆ ಹಚ್ಚಿ, ಅವುಗಳ ಸಾಪೇಕ್ಷ ದಕ್ಷತೆಯನ್ನು ಕುರಿತು 1962ರಲ್ಲಿ ಪುಸ್ತಕ ಪ್ರಕಟಿಸಿದರು. 1965ರಲ್ಲಿ ಕೆ. ಆರ್. ರಾಜಗೋಪಾಲನ್ ಎಂಬವರು ಕನ್ನಡ ಗದ್ಯದ 'ಎಂಟ್ರೊಪಿ'ಯನ್ನು, ಅಂದರೆ ಅಕ್ಷರವೊಂದರ ಸರಾಸರಿ ಮಾಹಿತಿಯನ್ನು, ಲೆಕ್ಕಹಾಕಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. ರಾಮಕೃಷ್ಣರ ಸಂಗಡಿಗರಲ್ಲಿದ್ದ ಬಿಷ್ಣು ಅಟಲ್ ಎಂಬ ತರುಣರು 1961ರಲ್ಲಿ ಬೆಲ್ ಪ್ರಯೋಗಾಲಯಕ್ಕೆ ಹೋದರು. ಮಾತಿನ ಧ್ವನಿಯಲ್ಲಿ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಿ, ಊಹೆಗೆ ಸಿಕ್ಕದ್ದನ್ನು ಮಾತ್ರ ಕಳಿಸುವ ವಿಧಾನವನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಮೊಬೈಲಿನಲ್ಲಿ ನಾವಾಡುವ ಮಾತು ಸಾಗಿಬಂದ ದಾರಿಯಲ್ಲಿ ಬೆಂಗಳೂರೂ ಒಂದು ನಿಲ್ದಾಣ.

ಈ ಸಿದ್ಧಾಂತಕ್ಕೆ ಒಂದು ಮೇರೆಯುಂಟು. ಸಂದೇಶದ ಅರ್ಥ ತಮ್ಮ ಇಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲವೆಂದು ಶಾನನ್ನರು ಆರಂಭದಲ್ಲಿಯೇ ಸ್ಪಷ್ಟಪಡಿಸಿದ್ದರು. ಸಂಕೇತ ಸರಿಯಾಗಿ ಮುಟ್ಟಿತೇ, ಅರ್ಥ ಮುಟ್ಟಿತೇ, ಅದರಂತೆ ಕೇಳಿದವನು ನಡೆದನೇ – ಹೀಗೆ ಮೂರು ಮಟ್ಟಗಳನ್ನು ಬಿಡಿಸಿ ತೋರಿಸಿದವರು ವೀವರ್. ಗಣಿತ ಗಟ್ಟಿಯಾಗಿ ನಿಲ್ಲುವುದು ಮೊದಲನೆಯದರಲ್ಲಿ. ಅಣ್ಣ ತಮ್ಮಂದಿರ ನಡುವಿನ ಮೌನ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಆದರೂ ನಮ್ಮ ಮೌನಕ್ಕೆ ಗಣಿತವೇ ಬಾಗಿಲು ತೆರೆಯಿತು. 1990ರ ದಶಕದಲ್ಲಿ, ನರಗುಂದದಲ್ಲಿದ್ದಾಗ, ಶಾನನ್ನರ ವಿಚಾರವನ್ನು ಮೊದಲ ಸಲ ಓದಿದ ರಾತ್ರಿ ನಾನು ಆ ಹಳೆಯ ತಂತಿಯನ್ನು ತೆಗೆದು ಕುಳಿತೆ. ಮೋರ್ಸ್‌ನಲ್ಲಿ 1 ಎಂದರೆ ಒಂದು ಚುಕ್ಕೆ, ನಾಲ್ಕು ಗೆರೆ. 7 ಎಂದರೆ ಎರಡು ಗೆರೆ, ಮೂರು ಚುಕ್ಕೆ. ಐದು ಸ್ಥಾನಗಳಲ್ಲಿ ನಾಲ್ಕು ಬೇರೆ. ತಂತಿಯ ಗದ್ದಲದಿಂದ ಒಂದು ಏಳಾಗುವುದು ಸುಲಭವಲ್ಲ. ಆದರೆ ಕೈಬರಹದಲ್ಲಿ ಒಂದರ ತಲೆ ಸ್ವಲ್ಪ ಬಾಗಿದರೆ ಸಾಕು, ಏಳಾಗಿಬಿಡುತ್ತದೆ. ತಪ್ಪು ಬಹುಶಃ ಪೆನ್ನಿನದು. ಅಣ್ಣನದೋ, ಗುಮಾಸ್ತನದೋ, ಯಾರದೆಂದು ಹೇಳುವುದು? ತಂತಿಗೆ ಪದದ ಲೆಕ್ಕದಲ್ಲಿ ಹಣ. 'ಮಂಡೇ' ಎಂಬ ಒಂದು ಪದವನ್ನು ಉಳಿಸಿದಾಗ ಉಳಿದದ್ದು ಕೆಲವು ಪೈಸೆ, ಹೋದದ್ದು ಸಾಕ್ಷಿ.

ಆಮೇಲೆ 1982ರ ಪಂಚಾಂಗವನ್ನು ಲೆಕ್ಕಹಾಕಿದೆ. ಅಕ್ಟೋಬರ್ 11 ಸೋಮವಾರ. 17 ರವಿವಾರ. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯನ್ನು ರವಿವಾರ ಯಾರು ಇಟ್ಟುಕೊಳ್ಳುತ್ತಾರೆ? ಹಾಸ್ಟೆಲಿನ ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಸಾಕ್ಷಿ ಅಲ್ಲಿಯೇ ಇದ್ದಿತು. ಕೇಳದೆ ಹೋದವನು ನಾನು. ಹನ್ನೆರಡು ತಾಸಿನ ದಾರಿ, ಅಂದೇ ಹೊರಟಿದ್ದರೆ, ಅಥವಾ "ಯಾವ ವಾರ?" ಎಂದು ಮರುತಂತಿ ಕಳಿಸಿದ್ದರೆ, ತಂದೆಯವರ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಆ ಮರುದಿನದಿಂದಲೇ ನಿಮ್ಮ ಅರ್ಜಿಗಳಲ್ಲಿ ವಾರ ಬರತೊಡಗಿದ್ದು.

ಇದನ್ನು ಅಣ್ಣನಿಗೆ ಹೇಳುವ ಧೈರ್ಯ ಬರಲು ಮತ್ತೆ ಅಷ್ಟೇ ವರ್ಷಗಳು ಬೇಕಾದವು. 2013ರ ಜುಲೈ 15ರಿಂದ ದೇಶದಲ್ಲಿ ತಂತಿ ಸೇವೆ ನಿಂತಿತೆಂದು ಪತ್ರಿಕೆಯಲ್ಲಿ ಓದಿದ ವಾರ, ಹಳ್ಳಿಗೆ ಹೋಗಿ ಆ ಕಾಗದವನ್ನು ಅವನ ಕೈಯಲ್ಲಿಟ್ಟೆ. ಅವನು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ.

"ಏಳs ಐತಲ್ಲೋ ತಮ್ಮಾ. ನಾ ಒಂದು ಬರದಿದ್ದೆ."

"ಹೌದಣ್ಣಾ. ಆದರ ಹದಿನೇಳು ರವಿವಾರ ಇತ್ತು. ನಾ ನೋಡಲಿಲ್ಲ."

ಅವನ ಮಗಳೂ ನನ್ನ ವಿದ್ಯಾರ್ಥಿನಿಯೇ. ಮನೆಗೆಲಸದಲ್ಲಿ ವಾರ ಬರೆಯದೆ ನನ್ನಿಂದ ಬೈಸಿಕೊಂಡು ಅತ್ತದ್ದುಂಟು. ಅಣ್ಣ ಕಾಗದವನ್ನು ಮಡಿಸಿ ಮರಳಿ ಕೊಡುತ್ತ ಕೇಳಿದ:

"ಅದಕ್ಕs ಏನು, ಆ ಕೂಸಿಗೆ ಅಷ್ಟು ಬೈತಿದ್ದೆ?"

ನಾನು ಹೂಂಗುಟ್ಟಿದೆ. ಅತ್ತಿಗೆ ಚಹಾ ತಂದಿಟ್ಟರು.