ನಮ್ಯ ಪರಿಸರ ನಿಯಂತ್ರಣ: ಬೆಂಗಳೂರಿನ ಹೊರವಲಯದಲ್ಲಿ ಮಾಲಿನ್ಯ ಮಾಪನ

ಮಾಲಿನ್ಯದ ಮಿತಿಯನ್ನು ಬಿಗಿಯಾಗಿಯೇ ಉಳಿಸಿಕೊಂಡು, ಅದನ್ನು ಅಳೆಯುವ ದಾರಿಯನ್ನು ಹೊಸ ಉಪಕರಣಗಳಿಗೂ ಹೊಸ ವಿಧಾನಗಳಿಗೂ ತೆರೆದಿಡುವ ಕಾನೂನು ಪದ್ಧತಿಗೆ ನಮ್ಯ ಪರಿಸರ ನಿಯಂತ್ರಣ ಎನ್ನಬಹುದು. ಸಾಮಾನ್ಯವಾಗಿ ನಿಯಮಗಳು ಯಾವ ಯಂತ್ರ ಹಾಕಬೇಕು, ಯಾವ ಕ್ರಮದಲ್ಲಿ ಮಾದರಿ ತೆಗೆಯಬೇಕು ಎಂದು ಹೆಸರಿಸಿ ಹೇಳುತ್ತವೆ. ನಮ್ಯ ಪದ್ಧತಿಯಲ್ಲಿ ನಿಯಮ ಕೇಳುವುದು ಬೇರೆ: ಅಳತೆ ಎಷ್ಟು ನಿಖರವಾಗಿರಬೇಕು, ಎಷ್ಟು ಹೊತ್ತಿಗೊಮ್ಮೆ ಬರಬೇಕು, ಅದನ್ನು ಮೂರನೆಯವರು ಪರೀಕ್ಷಿಸುವುದು ಹೇಗೆ. ಇಷ್ಟನ್ನು ಪೂರೈಸುವ ಉಪಕರಣ ಯಾರದ್ದಾದರೂ ಆಗಬಹುದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳನ್ನು ಸುತ್ತಿಕೊಂಡಿರುವ ಬೆಂಗಳೂರಿನ ಹೊರವಲಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಸೆನ್ಸರ್ ತಯಾರಿಸುವ, ಪರೀಕ್ಷಿಸುವ ಎಂಜಿನಿಯರುಗಳೂ ಇದೇ ಊರಿನಲ್ಲಿದ್ದಾರೆ. ಇವರಿಬ್ಬರ ನಡುವೆ ನಿಂತಿರುವುದು ಕಾನೂನಿನ ಅಳತೆಗೋಲು.

ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬೆಳೆಯತೊಡಗಿತು. ಪೀಣ್ಯ ಕೈಗಾರಿಕೆಗಳ ಸಂಘ ಹುಟ್ಟಿದ್ದು 1978ರಲ್ಲಿ. ಯಂತ್ರದ ಬಿಡಿಭಾಗ, ಎರಕ, ಗಾರ್ಮೆಂಟ್ಸ್, ಪೌಡರ್ ಕೋಟಿಂಗ್, ಎಲೆಕ್ಟ್ರೋಪ್ಲೇಟಿಂಗ್ ಎಲ್ಲವೂ ಇಲ್ಲಿ ಒಂದರ ಪಕ್ಕ ಒಂದಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಸಮೂಹಗಳಿಗೆ ಮಾಲಿನ್ಯ ಸೂಚ್ಯಂಕ ಕೊಟ್ಟಾಗ ಪೀಣ್ಯಕ್ಕೆ 65.11 ಅಂಕ ಬಂದು ಅದು ‘ತೀವ್ರ ಮಾಲಿನ್ಯ’ದ ಪಟ್ಟಿ ಸೇರಿತು. ಎಪ್ಪತ್ತು ದಾಟಿದವು ಅದಕ್ಕೂ ಮೇಲಿನ ‘ಗಂಭೀರ’ ಪಟ್ಟಿಯವು.

ಪ್ಲೇಟಿಂಗ್ ಘಟಕವೊಂದನ್ನು ಹತ್ತಿರದಿಂದ ನೋಡಿದರೆ ಮಾಪನದ ಕಷ್ಟ ಅರ್ಥವಾಗುತ್ತದೆ. ಒಂದು ಶೆಡ್ಡು, ಅದರೊಳಗೆ ಸಾಲಾಗಿ ನಾಲ್ಕಾರು ತೊಟ್ಟಿ. ಕೊಕ್ಕೆಗೆ ನೇತುಹಾಕಿದ ಬಿಡಿಭಾಗವನ್ನು ಆಮ್ಲದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಕ್ರೋಮಿಯಂ ದ್ರಾವಣದಲ್ಲಿ ಇಳಿಸಿ, ಮತ್ತೆ ತೊಳೆಯುತ್ತಾರೆ. ಮೇಲೆತ್ತಿದಾಗ ವಸ್ತುವಿನ ಮೈಗೆ ಅಂಟಿಕೊಂಡು ಬರುವ ದ್ರಾವಣ ತೊಳೆಯುವ ತೊಟ್ಟಿಗೆ ಇಳಿದು ಅಲ್ಲಿನ ನೀರು ಹಳದಿಯಾಗುತ್ತದೆ. ಆ ಹಳದಿ ಆರು ವೇಲೆನ್ಸಿಯ ಕ್ರೋಮಿಯಂನದು, ಕ್ಯಾನ್ಸರಿಗೆ ಕಾರಣವಾಗಬಲ್ಲದ್ದು. ಹೊರಗಿನ ನೀರಿಗೆ ಬಿಡಬಹುದಾದ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅಷ್ಟು ತೆಳುವಾದರೆ ಹಳದಿ ಕಣ್ಣಿಗೆ ಕಾಣುವುದಿಲ್ಲ; ಪ್ರಯೋಗಾಲಯದಲ್ಲಿ ಡೈಫಿನೈಲ್ ಕಾರ್ಬಜೈಡ್ ಬೆರೆಸಿ, ಮೂಡುವ ನೇರಳೆಗೆಂಪು ಬಣ್ಣದ ಗಾಢತೆ ಅಳೆದು ಹೇಳಬೇಕು. ಶೆಡ್ಡಿನ ತೊಟ್ಟಿ ದಿನವಿಡೀ ಹರಿಯುವುದಿಲ್ಲ, ತುಂಬಿದಾಗ ಖಾಲಿಯಾಗುತ್ತದೆ. ಅದು ಯಾವಾಗ, ಎಲ್ಲಿಗೆ ಖಾಲಿಯಾಯಿತು ಎಂಬುದೇ ಮುಖ್ಯ. ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ ತುಂಬಿಕೊಂಡು ಹೋಗುವ ಮಾದರಿಯಿಂದ ಇದು ತಿಳಿಯುವುದಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಹೀಗೆ ವರ್ಷಗಟ್ಟಲೆ ಕಣ್ತಪ್ಪಿ ಇಳಿದದ್ದರ ಫಲ. ಈ ಭಾಗದ ಕೊಳಚೆ ಸೇರುವ ವೃಷಭಾವತಿ ಬೈರಮಂಗಲದ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ. ಬೈರಮಂಗಲದ ರೈತರು ಆ ನೀರನ್ನೇ ಹೊಲಕ್ಕೆ ಹಾಯಿಸುತ್ತಾರೆ.

ಕಾನೂನಿನ ಕಡೆಯಿಂದ ನೋಡಿದರೆ ಎಲ್ಲಕ್ಕೂ ಮೂಲ 1974ರ ಜಲ ಕಾಯ್ದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾದದ್ದೂ ಅದೇ ವರ್ಷ, ಅದೇ ಕಾಯ್ದೆಯಡಿ. ಕಾಯ್ದೆಯ 21ನೇ ಕಲಮು ಮಾದರಿ ತೆಗೆಯುವ ವಿಧಿಯನ್ನು ಹೆಜ್ಜೆ ಹೆಜ್ಜೆಗೂ ಹೇಳುತ್ತದೆ: ಕಾರ್ಖಾನೆಯವರಿಗೆ ನೋಟಿಸು ಕೊಡಬೇಕು, ಅವರ ಎದುರಿನಲ್ಲೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಪಾತ್ರೆಗೆ ಗುರುತು ಹಾಕಿ ಮೊಹರು ಮಾಡಿ ಇಬ್ಬರೂ ಸಹಿ ಹಾಕಬೇಕು, ಆಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕ್ರಮ ತಪ್ಪಿದರೆ ವಿಶ್ಲೇಷಣೆಯ ಫಲ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. 1981ರ ವಾಯು ಕಾಯ್ದೆಯ 26ನೇ ಕಲಮಿನದೂ ಇದೇ ಜಾಡು. ಆ ಕಾಲಕ್ಕೆ ಇದು ಸರಿಯಾದ ಎಚ್ಚರಿಕೆ. ಅಧಿಕಾರಿಯ ಕೈಯಿಂದ ಕಾರ್ಖಾನೆಗೆ ಅನ್ಯಾಯವಾಗದಂತೆ ತಡೆಯುವ ಏರ್ಪಾಡು. ಆದರೆ ಮೊಹರು ಹಾಕಿದ ಬಾಟಲಿಯನ್ನು ಮನಸ್ಸಿನಲ್ಲಿಟ್ಟು ಬರೆದ ಈ ಕಲಮುಗಳಲ್ಲಿ, ನಿಮಿಷ ನಿಮಿಷಕ್ಕೂ ಅಂಕಿ ಕಳಿಸುವ ಸೆನ್ಸರಿಗೆ ಜಾಗವಿಲ್ಲ.

ಕೇಂದ್ರ ಮಂಡಳಿ ಈ ಕೊರತೆ ತುಂಬಲು ಹೊರಟದ್ದು 2014ರ ಫೆಬ್ರವರಿಯಲ್ಲಿ. ಹೆಚ್ಚು ಮಾಲಿನ್ಯ ಮಾಡುವ 17 ವರ್ಗದ ಕೈಗಾರಿಕೆಗಳು ಹಾಗೂ ಸಾಮೂಹಿಕ ಶುದ್ಧೀಕರಣ ಘಟಕಗಳು ಚಿಮಣಿಗೂ ತ್ಯಾಜ್ಯನೀರಿನ ಹೊರದಾರಿಗೂ ಆನ್‌ಲೈನ್ ಮಾಪಕ ಅಳವಡಿಸಿ, ಅಂಕಿಗಳನ್ನು ನೇರವಾಗಿ ಮಂಡಳಿಯ ಸರ್ವರಿಗೆ ಕಳಿಸಬೇಕೆಂದು ಆದೇಶಿಸಿತು. ಹದಿನೇಳು ವರ್ಗಗಳೆಂದರೆ ಸಿಮೆಂಟು, ಸಕ್ಕರೆ, ಕಾಗದ, ರಸಗೊಬ್ಬರ, ಚರ್ಮ, ಔಷಧ, ಉಷ್ಣವಿದ್ಯುತ್ ಮೊದಲಾದವು. ಪಟ್ಟಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಇಲ್ಲ. ಮಾಲಿನ್ಯ ಹೆಚ್ಚೆಂದು ಗುರುತಿಸುವ ‘ಕೆಂಪು’ ವರ್ಗದ ಕೈಗಾರಿಕೆಯಾದರೂ ಪೀಣ್ಯದ ಸಣ್ಣ ಶೆಡ್ಡು ಆದೇಶದ ಬಲೆಯಿಂದ ಹೊರಗೇ ಉಳಿಯಿತು. ದೊಡ್ಡ ಕಾರ್ಖಾನೆಗೆ ಹೊಂದುವ ವಿಶ್ಲೇಷಕ ಯಂತ್ರದ ಬೆಲೆ, ಅದನ್ನು ನೋಡಿಕೊಳ್ಳುವ ಖರ್ಚು ಹತ್ತು ಜನರ ಘಟಕಕ್ಕೆ ಎಟುಕುವಂಥದ್ದೂ ಅಲ್ಲ. ನಿಯಮ ನಮ್ಯವಾಗಬೇಕಾದ ಜಾಗ ಇದೇ ಎಂಬುದು ಈ ಲೇಖಕನ ದೃಢ ಅಭಿಪ್ರಾಯ: ದೊಡ್ಡವರ ಯಂತ್ರವನ್ನು ಸಣ್ಣವರ ಮೇಲೆ ಹೇರುವುದೂ ತಪ್ಪು, ಸಣ್ಣವರೆಂದು ಅಳೆಯದೇ ಬಿಡುವುದೂ ತಪ್ಪು.

ಗಾಳಿಯ ಮಾಪನದಲ್ಲಿ ಬದಲಾವಣೆ ಬೇಗ ಬಂತು. ರಾಷ್ಟ್ರೀಯ ವಾಯುಗುಣ ಮಾಪನ ಜಾಲ 1984ರಲ್ಲಿ ಶುರುವಾದದ್ದು ಕೈಯಿಂದ ನಡೆಸುವ ಕೇಂದ್ರಗಳಿಂದ: ವಾರಕ್ಕೆರಡು ದಿನ, ದಿನಕ್ಕೆ 24 ಗಂಟೆ, ವರ್ಷಕ್ಕೆ 104 ಅಳತೆ. ಶೋಧಕ ಕಾಗದವನ್ನು ಮೊದಲೊಮ್ಮೆ ತೂಗಿ, ಗಾಳಿ ಎಳೆದ ಮೇಲೆ ಮತ್ತೊಮ್ಮೆ ತೂಗಿ, ವ್ಯತ್ಯಾಸವನ್ನು ದೂಳಿನ ಲೆಕ್ಕಕ್ಕೆ ಹಿಡಿಯುತ್ತಾರೆ. 2009ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಮಾನಕ ಪಿಎಂ 2.5 ಎಂಬ ಸೂಕ್ಷ್ಮ ದೂಳುಕಣಕ್ಕೆ ಘನಮೀಟರಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40 ಮೈಕ್ರೋಗ್ರಾಂ ಎಂದು ಮಿತಿ ಗೊತ್ತುಮಾಡಿತು. ಪೀಣ್ಯ, ಶಿವಪುರ, ಜಿಗಣಿ, ಕಾಡಬೀಸನಹಳ್ಳಿ ಮೊದಲಾದೆಡೆ ಈಗ ಸ್ವಯಂಚಾಲಿತ ಕೇಂದ್ರಗಳಿವೆ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಬೀಟಾ ಮಾಪಕದೊಳಗೆ ಕಾಗದದ ಪಟ್ಟಿಯೊಂದು ಸುರುಳಿಯಿಂದ ಸುರುಳಿಗೆ ಸರಿಯುತ್ತಿರುತ್ತದೆ. ಗಂಟೆಗೊಂದು ದೂಳಿನ ಚುಕ್ಕೆ ಬೀಳುತ್ತದೆ. ಅದರ ಮೂಲಕ ಹಾಯಿಸಿದ ಬೀಟಾ ಕಿರಣ ಎಷ್ಟು ಕುಗ್ಗಿತೆಂದು ನೋಡಿ ದೂಳಿನ ತೂಕ ಹೇಳುತ್ತಾರೆ. ದಟ್ಟಣೆಯ ದಿನ ಪಟ್ಟಿ ಬಿಚ್ಚಿ ನೋಡಿದರೆ ಬೆಳಗ್ಗೆ, ಸಂಜೆಯ ಚುಕ್ಕೆಗಳು ಕಪ್ಪಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಇಂಥ ಪೂರ್ಣ ಕೇಂದ್ರ ದುಬಾರಿ. ಹಾಗಾಗಿ ಬಡಾವಣೆಗೊಂದರಂತೆ ಇಡಲಾಗದು. ಅಂಗೈಯಗಲದ ಲೇಸರ್ ಸೆನ್ಸರ್ ಅದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಕಣಗಳ ಮೇಲೆ ಬೆಳಕು ಬಿಟ್ಟು, ಅದು ಚದುರುವ ರೀತಿಯಿಂದ ದೂಳನ್ನು ಅಂದಾಜಿಸುತ್ತದೆ. ಇದರ ದೋಷವೂ ಗೊತ್ತಿರುವಂಥದೇ: ತೇವದ ಬೆಳಗಿನಲ್ಲಿ ಕಣ ನೀರು ಹೀರಿ ಉಬ್ಬಿದಾಗ ದೂಳು ಹೆಚ್ಚಿದಂತೆ ತೋರಿಸುತ್ತದೆ. ಆದ್ದರಿಂದ ಮಾನಕ ಯಂತ್ರದ ಪಕ್ಕದಲ್ಲೇ ಕೆಲವು ವಾರ ಇಟ್ಟು, ಹೋಲಿಸಿ, ತಿದ್ದುಪಡಿ ಸೂತ್ರ ಕಂಡುಕೊಳ್ಳಬೇಕು. ಮಹಾರಾಷ್ಟ್ರ ಮಂಡಳಿ ಮತ್ತು ಐಐಟಿ ಕಾನ್ಪುರ 2020–21ರಲ್ಲಿ ಮುಂಬೈನಲ್ಲಿ 40 ಸೆನ್ಸರುಗಳನ್ನು ಹೀಗೆ ಪರೀಕ್ಷಿಸಿದವು. ಬೆಂಗಳೂರಿನಲ್ಲಿ ಸಿಸ್ಟೆಪ್ ಮತ್ತು ಐಎಲ್‌ಕೆ ಲ್ಯಾಬ್ಸ್ ಸಂಶೋಧಕರು ಕಾರಿನಲ್ಲಿ ಉಪಕರಣ ಹೊತ್ತು ಮಲ್ಲೇಶ್ವರದ ಬೀದಿಗಳಲ್ಲಿ ಮತ್ತೆ ಮತ್ತೆ ಓಡಾಡಿ, ರಸ್ತೆಯಿಂದ ರಸ್ತೆಗೆ ಮಾಲಿನ್ಯ ಬದಲಾಗುವುದನ್ನು ನಕ್ಷೆಗೆ ಇಳಿಸಿದ್ದಾರೆ.

ಸರಿಯಾದ ಅಳತೆ ಕೈಯಲ್ಲಿಲ್ಲದ ಜನ ಏನು ಮಾಡುತ್ತಾರೆಂಬುದಕ್ಕೆ ವೈಟ್‌ಫೀಲ್ಡ್ ಸಾಕ್ಷಿ. ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಸುತ್ತಲಿನ ನಿವಾಸಿಗಳು ಕಿಟಕಿಯ ಮೇಲೆ, ನೆಲದ ಮೇಲೆ ಕೂರುವ ಕಪ್ಪು ದೂಳಿನ ಬಗ್ಗೆ ವರ್ಷಗಳ ಕಾಲ ದೂರಿದರು. ಒರೆಸಿದ ಬಟ್ಟೆ, ಅಂಗೈ, ಫೋಟೋಗಳೇ ಅವರ ಪುರಾವೆ. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಘಟಕ 2019ರಲ್ಲಿ ಮುಚ್ಚಿತು. ಅಲ್ಲಿನ ರಸ್ತೆ ವೃತ್ತಕ್ಕೆ ಇಂದಿಗೂ ಕಾರ್ಖಾನೆಯ ಹೆಸರೇ ಇದೆ.

ಹೊಸ ಉಪಕರಣಕ್ಕೆ ಇನ್ನೊಂದು ಬಾಗಿಲು ಪ್ರಮಾಣೀಕರಣದ್ದು. ಬಹುಕಾಲ ಮಾಪಕಗಳು ಅಮೆರಿಕ, ಬ್ರಿಟನ್, ಜರ್ಮನಿಯ ಪ್ರಮಾಣಪತ್ರ ತೋರಿಸಬೇಕಿತ್ತು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ತಯಾರಾದ ಉಪಕರಣ ಅಲ್ಲಿಗೆ ಹೋಗಿ ಬರುವುದು ಹೊರೆ. ಜೊತೆಗೆ ನಮ್ಮ ದೂಳು, ಬಿಸಿಲು, ತೇವದಲ್ಲಿ ಅದು ಹೇಗೆ ನಡೆಯುತ್ತದೆಂದು ಆ ಪತ್ರ ಹೇಳುವುದೂ ಇಲ್ಲ. ಕೇಂದ್ರ ಪರಿಸರ ಸಚಿವಾಲಯ 2019ರ ಆಗಸ್ಟಿನಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಈ ಪ್ರಮಾಣೀಕರಣದ ಹೊಣೆ ವಹಿಸಿತು. ಅದೇ ವರ್ಷದ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವೂ ಈ ಅಗತ್ಯವನ್ನು ಹೇಳಿತ್ತು.

ಬೇರೆಡೆಯ ಅನುಭವದಲ್ಲಿ ಎರಡು ಇಲ್ಲಿಗೆ ನೇರವಾಗಿ ತಾಗುತ್ತವೆ. ಅಮೆರಿಕದಲ್ಲಿ ವಾಯುಗುಣಕ್ಕೆ ಒಂದು ಉಲ್ಲೇಖ ವಿಧಾನವಿದ್ದು, ಅದಕ್ಕೆ ಸಮನಾಗಿ ಅಳೆಯುತ್ತದೆಂದು ಪರೀಕ್ಷೆಯಲ್ಲಿ ತೋರಿಸಿದ ಯಾವ ಯಂತ್ರಕ್ಕೂ ‘ಸಮಾನ ವಿಧಾನ’ದ ಮಾನ್ಯತೆ ಸಿಗುತ್ತದೆ. ಎರಡನೆಯದು ಸೂರತ್ತಿನದು. ಗುಜರಾತ್ ಮಂಡಳಿ 2019ರಲ್ಲಿ ಅಲ್ಲಿನ ಕಾರ್ಖಾನೆಗಳ ದೂಳಿನ ಹೊರಸೂಸುವಿಕೆಗೆ ಪರವಾನಗಿ ಮಾರುಕಟ್ಟೆ ತೆರೆಯಿತು: ಒಟ್ಟು ಮಿತಿ ಮೊದಲೇ ನಿಗದಿ, ಕಡಿಮೆ ಹೊಗೆಯುಗುಳುವವರು ಉಳಿದ ಪರವಾನಗಿಯನ್ನು ಮಾರಬಹುದು. ಪ್ರಯೋಗದಲ್ಲಿದ್ದ ಕಾರ್ಖಾನೆಗಳ ದೂಳು ಶೇಕಡಾ 20ರಿಂದ 30ರಷ್ಟು ತಗ್ಗಿತು. ಚಿಮಣಿಯಲ್ಲಿ ನಿರಂತರ ಮಾಪಕವಿಲ್ಲದೆ ಈ ವ್ಯಾಪಾರ ಒಂದು ದಿನವೂ ನಡೆಯುತ್ತಿರಲಿಲ್ಲ. ಅದಕ್ಕೂ ಮುಂಚೆ ಅದೇ ರಾಜ್ಯದಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ಮರೆಯುವಂತಿಲ್ಲ. ಮಾಲಿನ್ಯ ಅಳೆಯುವ ಪರಿಸರ ಪರಿಶೋಧಕರಿಗೆ ಕಾರ್ಖಾನೆಯೇ ಹಣ ಕೊಡುವಾಗ ವರದಿಗಳು ಮಿತಿಯ ಸ್ವಲ್ಪ ಕೆಳಗೇ ಬಂದು ನಿಲ್ಲುತ್ತಿದ್ದವು; ಸಾಮಾನ್ಯ ನಿಧಿಯಿಂದ ಹಣ ಕೊಟ್ಟು, ಯಾರಿಗೆ ಯಾರೆಂದು ಚೀಟಿ ಎತ್ತಿದಂತೆ ಹಂಚಿದಾಗ ನಿಜ ಹೊರಬಂತು. ಸೆನ್ಸರಿಗೂ ಈ ಮಾತು ಸಲ್ಲುತ್ತದೆ. ಅದನ್ನು ನೋಡಿಕೊಳ್ಳುವವನ ಸಂಬಳ ಯಾರು ಕೊಡುತ್ತಾರೆಂಬುದನ್ನು ಬಿಟ್ಟು ನಿಖರತೆಯ ಮಾತಾಡಲಾಗದು.

ಕರ್ನಾಟಕದ ಕೈಯಲ್ಲಿ 2020ರ ನಾವೀನ್ಯ ಪ್ರಾಧಿಕಾರ ಕಾಯ್ದೆಯಿದೆ. ಹೊಸ ತಂತ್ರಜ್ಞಾನವನ್ನು ನಿಗದಿತ ಅವಧಿಗೆ, ನಿಗಾವಣೆಯಲ್ಲಿ, ನಿಯಮದ ಅಡ್ಡಿ ಸರಿಸಿ ಪ್ರಯೋಗಿಸಲು ಅದು ಅವಕಾಶ ಕೊಡುತ್ತದೆ. ಆದರೆ ಜಲ, ವಾಯು ಕಾಯ್ದೆಗಳು ಸಂಸತ್ತಿನವು. ಅವುಗಳ ಮಿತಿಯನ್ನು ರಾಜ್ಯದ ಪ್ರಾಧಿಕಾರ ಮುಟ್ಟಲಾಗದು, ಮುಟ್ಟಲೂಬಾರದು. ಅಳೆಯುವ ಪ್ರಯೋಗಗಳಿಗೆ ಜಾಗ ಕೊಡುವುದಕ್ಕೆ ಮಾತ್ರ ಅದರ ಉಪಯೋಗ. 2023ರ ಜನವಿಶ್ವಾಸ ಕಾಯ್ದೆ ಇನ್ನೊಂದು ಬದಲಾವಣೆ ತಂದಿದೆ. ವಾಯು ಕಾಯ್ದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಹಲವು ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ, ಅದನ್ನು ವಿಧಿಸಲು ನ್ಯಾಯನಿರ್ಣಯ ಅಧಿಕಾರಿ. ಶಿಕ್ಷೆ ಸಡಿಲವಾಯಿತೆಂಬ ಆತಂಕಕ್ಕೆ ಕಾರಣವಿದೆ. ಆದರೂ ದಂಡವನ್ನು ತಪ್ಪಿನ ಪ್ರಮಾಣಕ್ಕೆ ಹೊಂದಿಸಬೇಕಾದಾಗ, ಎಷ್ಟು ಗಂಟೆ, ಎಷ್ಟು ಪಟ್ಟು ಮೀರಿತೆಂಬ ನಿರಂತರ ಅಂಕಿ ಮೊದಲಿಗಿಂತ ಬೆಲೆಯುಳ್ಳದ್ದಾಗುತ್ತದೆ.

ಕಾಯ್ದೆ ತಿದ್ದುವವರೆಗೆ ಕಾಯಬೇಕಾಗಿಲ್ಲದ ದಾರಿಯೂ ಇದೆ. ಕ್ರೋಮಿಯಂ ಅನ್ನೇ ಗುರುತಿಸುವ ಅಗ್ಗದ ಸೆನ್ಸರ್ ಬೇಕೆಂದೇನಿಲ್ಲ. ಪ್ಲೇಟಿಂಗ್ ತೊಟ್ಟಿಯ ನೀರು ಚರಂಡಿಗೆ ಬಿದ್ದರೆ ಅಲ್ಲಿನ ವಿದ್ಯುದ್ವಾಹಕತೆ ಥಟ್ಟನೆ ಏರುತ್ತದೆ, ಆಮ್ಲವಿದ್ದರೆ ಪಿಎಚ್ ಇಳಿಯುತ್ತದೆ. ಇವೆರಡನ್ನೂ ಅಳೆಯುವ ಮಾಪಕ ಸಣ್ಣದು, ಸುಲಭಕ್ಕೆ ಸಿಗುವಂಥದು. ಪೀಣ್ಯದ ಒಂದು ಅಡ್ಡರಸ್ತೆಯ ಚರಂಡಿಗೆ, ಮೇಲ್ಗಡೆ ಒಂದು ಕೆಳಗಡೆ ಒಂದು ಹೀಗೆ ಇಟ್ಟರೆ, ಯಾವ ರಾತ್ರಿ ಯಾವ ಹೊತ್ತಿಗೆ ಯಾವ ಎರಡು ಮ್ಯಾನ್‌ಹೋಲುಗಳ ನಡುವೆ ನೀರು ಬದಲಾಯಿತೆಂದು ತಿಳಿಯುತ್ತದೆ. ಆ ಅಂಕಿಯಿಂದ ಯಾರಿಗೂ ಶಿಕ್ಷೆಯಾಗಬೇಕಿಲ್ಲ. ಮೂರು ರಾತ್ರಿ ಎರಡೂವರೆಗೆ ಏರಿದ್ದು ನಾಲ್ಕನೆಯ ರಾತ್ರಿಯೂ ಏರುವ ಹೊತ್ತಿಗೆ ಮಂಡಳಿಯ ಅಧಿಕಾರಿ ಎರಡು ಖಾಲಿ ಬಾಟಲಿ, ಅರಗು, ನೋಟಿಸಿನ ಜೊತೆ ಗೇಟಿನ ಮುಂದೆ ನಿಂತಿದ್ದರೆ, 21ನೇ ಕಲಮಿನ ಮಿಕ್ಕ ಕೆಲಸ ಎಂದಿನಂತೆಯೇ ನಡೆಯುತ್ತದೆ.