ಪ್ರತಿಮಾಗೃಹವೂ ಕಾಮಸಮುದ್ರ ಪ್ರಾಂತ್ಯದ ಪ್ರಾಚೀನಾವಶೇಷಗಳೂ

ಪೂರ್ವಿಕರ ಸ್ಮಾರಕಗಳನ್ನು ಒಂದೆಡೆಯಲ್ಲಿ ನಿಲ್ಲಿಸಿ ಅನಂತರದವರಿಗೆ ತೋರಿಸುವ ಪದ್ಧತಿಯು ಪಾಶ್ಚಾತ್ಯರಿಂದಲೇ ಈ ದೇಶಕ್ಕೆ ಬಂದುದೆಂದು ಹಲವರು ಭಾವಿಸುವುದುಂಟು. ವಸ್ತುಸಂಗ್ರಹಾಲಯದ ಈಗಿನ ರೂಪಕ್ಕೆ ಇದು ಸಲ್ಲುವ ಮಾತೇ ಸರಿ. ಆದರೆ ಅದರ ಮೂಲಭಾವನೆಯು ಸಂಸ್ಕೃತ ಸಾಹಿತ್ಯಕ್ಕೆ ಅಪರಿಚಿತವಲ್ಲ. ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1912ರಿಂದ ಮೊದಲ್ಗೊಂಡು ಭಾಸಕೃತಗಳೆಂದು ಪ್ರಕಟಿಸಿದ ರೂಪಕಗಳಲ್ಲಿ ‘ಪ್ರತಿಮಾ’ ಎಂಬ ನಾಟಕವಿರುವುದಷ್ಟೆ. ಅದರ ತೃತೀಯಾಂಕದಲ್ಲಿ ಭರತನು ಮಾತುಲಗೃಹದಿಂದ ಹಿಂದಿರುಗುತ್ತ, ಅಯೋಧ್ಯೆಯ ಹೊರವಲಯದಲ್ಲಿ ಪ್ರತಿಮಾಗೃಹವೊಂದನ್ನು ಹೊಗುತ್ತಾನೆ. ಅಲ್ಲಿರುವ ವಿಗ್ರಹಗಳು ಯಾರವೆಂಬುದು ಅವನಿಗೆ ತಿಳಿಯದು. ದೇವಕುಲಿಕನು ದಿಲೀಪ, ರಘು, ಅಜ ಎಂದು ಒಂದೊಂದನ್ನೇ ಪರಿಚಯಮಾಡಿಕೊಡುತ್ತಾನೆ. ಮೃತರಾದವರ ಪ್ರತಿಮೆಗಳನ್ನು ಮಾತ್ರವೇ ಅಲ್ಲಿ ಇಡುವುದೆಂದು ಕೇಳಿದಾಗ, ತನ್ನ ತಂದೆಯ ಮರಣವು ಭರತನಿಗೆ ಗೋಚರವಾಗುತ್ತದೆ. ಕಲ್ಲು ತಾನಾಗಿ ಏನನ್ನೂ ಹೇಳಲಿಲ್ಲ, ಹೇಳಿದವನು ದೇವಕುಲಿಕನು. ಸಂಗ್ರಹಾಲಯದ ತತ್ತ್ವವೆಲ್ಲವೂ ಈ ಪ್ರಸಂಗದಲ್ಲಿ ಅಡಗಿದೆಯೆನ್ನಬಹುದು. ವಸ್ತುವೂ ಸ್ಥಳವೂ ವ್ಯಾಖ್ಯಾತೃವೂ ಒಟ್ಟುಗೂಡದೆ ಇತಿಹಾಸಜ್ಞಾನವು ಉದಿಸಲಾರದು.

ಮೈಸೂರು ಸೀಮೆಯಲ್ಲಿ ಈ ಬಗೆಯ ಸಂಸ್ಥೆಗಳಿಗೆ ಮೊದಲನೆಯದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ. ಇದು 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನ ಪ್ರಯತ್ನದಿಂದ ಸ್ಥಾಪಿತವಾಗಿ, 1877ರಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಅಲ್ಲಿ ಸೇರಿಸಲ್ಪಟ್ಟ ಶಿಲೆಗಳಲ್ಲಿ ಬೇಗೂರಿನ ವೀರಗಲ್ಲೂ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೂ ಸುಪ್ರಸಿದ್ಧವಾದುವು. ಶಕ 872ರ ಆತಕೂರಿನ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧಕ್ಕೆ ಮುಖ್ಯವಾದ ಆಧಾರ. ಆದರೆ ಆ ಕಲ್ಲು ನೆಟ್ಟದ್ದು ರಾಜರಿಗಾಗಿಯಲ್ಲ. ಬೂತುಗನ ಸೇವಕನಾದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು; ಅದರ ನೆನಪಿಗಾಗಿ ಚಲ್ಲೇಶ್ವರ ದೇವರ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಬಿಡಲಾಯಿತು. ಆ ಭೂಮಿಯನ್ನನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದು ಶಾಸನವೇ ವಿಧಿಸುತ್ತದೆ.

ಈ ವಿಧಿಯು ವಿಚಾರಾರ್ಹವಾದುದು. ಶಾಸನವನ್ನು ಬರೆಸಿದವರು ಕಲ್ಲಿನೊಡನೆ ಅದರ ಪಾಲಕನನ್ನೂ, ಪಾಲಕನ ಜೀವನಕ್ಕೆ ಭೂಮಿಯನ್ನೂ ನಿಯಮಿಸಿದ್ದರು. ಕಲ್ಲು ನಗರಕ್ಕೆ ಬಂದುದರಿಂದ ಅಕ್ಷರಗಳು ಉಳಿದುವು, ವಿದ್ವಾಂಸರಿಗೆ ಸುಲಭವಾಗಿ ದೊರೆತುವು, ಇದು ಮಹೋಪಕಾರವೇ. ಆದರೆ ಚಲ್ಲೇಶ್ವರ, ಗೊರವ, ದತ್ತಿಯ ನೆಲ ಎಂಬ ಪರಿವಾರದಿಂದ ಅದು ಬೇರ್ಪಟ್ಟಿತು. ಪ್ರೇಕ್ಷಕನು ಯುದ್ಧದ ಸಂಗತಿಯನ್ನು ತಿಳಿದು ಮುಂದೆ ಸಾಗುವನು. ಊರಿನ ಸಂಗತಿಯು ಅವನಿಗೆ ತಿಳಿಯುವುದಿಲ್ಲ.

ಕೋಲಾರ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಕಾಮಸಮುದ್ರದ ಸುತ್ತಣ ಪ್ರಾಂತ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತ. ಇದು ಬಂಗಾರಪೇಟೆ ತಾಲ್ಲೂಕಿನ ಹೋಬಳಿ. ಜೋಲಾರಪೇಟೆಗೆ ಹೋಗುವ ರೈಲುಹಾದಿಯಲ್ಲಿ ಬಂಗಾರಪೇಟೆಯಿಂದಾಚೆಗೆ ಸಿಕ್ಕುವ ನಿಲ್ದಾಣ. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಮನೆಮಾತುಗಳು. ‘ಸಮುದ್ರ’ವೆಂಬ ಉತ್ತರಪದವು ಕನ್ನಡನಾಡಿನ ಊರ ಹೆಸರುಗಳಲ್ಲಿ ಸಾಮಾನ್ಯವಾಗಿ ಕೆರೆಯನ್ನು ಸೂಚಿಸುವುದು, ಹಿರಿಯ ನದಿಗಳಿಲ್ಲದ ಈ ಸೀಮೆಯಲ್ಲಿ ಕೆರೆಯೇ ಸಮುದ್ರವಾದುದರಲ್ಲಿ ಆಶ್ಚರ್ಯವಿಲ್ಲ.

ಸಮೀಪದ ಕೋಲಾರವೇ ಗಂಗರ ಬಿರುದಿನಲ್ಲಿ ಬರುವ ಕುವಳಾಲಪುರ. ಅಲ್ಲಿಯ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಬೇತಮಂಗಲವು ಶಾಸನಗಳ ವಿಜಯಾದಿತ್ಯಮಂಗಲ. ಬಾಣರ ಹೆಸರನ್ನು ಹೊತ್ತ ಆ ಊರಿನ ಕೆರೆಯು ಒಡೆದಾಗ ಇರಿವ ನೊಳಂಬನ ಕಾಲದಲ್ಲಿಯೂ, ಮರಳಿ ಹೊಯ್ಸಳರ ಕಾಲದಲ್ಲಿಯೂ ಜೀರ್ಣೋದ್ಧಾರವಾಯಿತು. 20ನೆಯ ಶತಮಾನದ ಆದಿಯಲ್ಲಿ ಅದೇ ಕೆರೆಯ ನೀರು ಚಿನ್ನದ ಗಣಿಗಳ ಪಟ್ಟಣಕ್ಕೆ ಹರಿಯಿತು. ಆವಣಿಯಲ್ಲಿ ತ್ರಿಭುವನಕರ್ತನೆಂಬ ಯತಿಯು ನಲವತ್ತು ವರ್ಷ ಸ್ಥಾನವನ್ನಾಳಿ ಐವತ್ತು ದೇಗುಲಗಳನ್ನೂ ಎರಡು ಹಿರಿಯ ಕೆರೆಗಳನ್ನೂ ಮಾಡಿಸಿದನೆಂದು ಶಾಸನವು ಹೇಳುತ್ತದೆ. ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳ. ಬಂಗಾರಪೇಟೆಯು 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿತ್ತು. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ತಾಲ್ಲೂಕಿಗೆ ಆ ಹೆಸರೇ ಇದ್ದಿತು.

ಇನ್ನು ಚಿನ್ನದ ಗಣಿಗಳ ವಿಷಯ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿಗೆ ಬಂದಾಗ, ಮಾರಿಕುಪ್ಪದ ಬಳಿ ದೇಶೀಯರು ಇಕ್ಕಟ್ಟಾದ ಬಾವಿಗಳಲ್ಲಿಳಿದು, ಕಲ್ಲುಗಳನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಸಾಗಿಸುತ್ತಿದ್ದರು; ಹೆಂಗಸರು ಅವನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದರು. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಯಂತ್ರಯುಗವು ಆರಂಭವಾಯಿತು. 1894ರಲ್ಲಿ ರೈಲೂ 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯೂ ಬಂದುವು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. 1956ರಲ್ಲಿ ಸರ್ಕಾರದ ವಶವಾದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟುವು. ಆಳದಲ್ಲಿ ದುಡಿದವರ ಉಪಕರಣಗಳೂ, ಪರಿಭಾಷೆಯೂ, ಹಾಡುಗಳೂ, ಲೆಕ್ಕಪತ್ರಗಳೂ ಇಂದು ಆತಕೂರಿನ ಕಲ್ಲಿನಷ್ಟೇ ಪ್ರಾಚೀನಾವಶೇಷಗಳಾಗಿವೆ. ಆದರೆ ಅವುಗಳಿಗೆ ಶಿಲೆಯ ಬಾಳಿಕೆಯಿಲ್ಲ. ಕಬ್ಬಿಣವು ತುಕ್ಕುಹಿಡಿಯುವುದು, ಕಾಗದವು ಗೆದ್ದಲಿಗೆ ಆಹಾರವಾಗುವುದು, ಪರಿಭಾಷೆಯು ಅದನ್ನು ಬಲ್ಲ ಮುದುಕರೊಡನೆ ಅಳಿಯುವುದು.

ಪ್ರಾಚೀನವಸ್ತುಗಳನ್ನು ಹಳ್ಳಿಯಲ್ಲಿಯೇ ಬಿಟ್ಟರೆ ಬಟ್ಟೆಯೊಗೆಯುವ ಕಲ್ಲಾಗಿಯೋ ಸೇತುವೆಯ ಚಪ್ಪಡಿಯಾಗಿಯೋ ಹಾಳಾಗುವುವೆಂಬ ಆಕ್ಷೇಪಣೆಯು ನಿರಾಧಾರವಲ್ಲ. ಅವನ್ನೆಲ್ಲ ರಾಜಧಾನಿಗೆ ಒಯ್ದರೆ ದೇಶದ ಚರಿತ್ರೆಯು ಬೆಳೆದು ಊರಿನ ಚರಿತ್ರೆಯು ಬಡವಾಗುವುದೆಂಬುದೂ ಅಷ್ಟೇ ಸತ್ಯ. ಈ ಎರಡಕ್ಕೂ ನಡುವಣ ಮಾರ್ಗವೆಂದರೆ ಸ್ಥಳೀಯ ಸಂಗ್ರಹಾಲಯ. ಪೂಜೆಗೊಳ್ಳುತ್ತಿರುವ ಕಲ್ಲು ಗುಡಿಯಲ್ಲಿಯೇ ಇರಲಿ. ಅನಾಥವಾದ ಕಲ್ಲು ಹೋಬಳಿಯ ಶಾಲೆಯ ಅಂಗಳಕ್ಕಾದರೂ ಬರಲಿ. ಯಾವ ಹೊಲದಿಂದ, ಯಾವ ಕೆರೆಯ ಏರಿಯಿಂದ ಬಂದಿತೆಂಬುದನ್ನು ಅದರ ಪಕ್ಕದಲ್ಲಿಯೇ ಬರೆದಿಡಬೇಕು. ಪಾಠವು ಮೂಲದ ಭಾಷೆಯಲ್ಲಿಯೂ ಕನ್ನಡದಲ್ಲಿಯೂ ಇರಬೇಕು. ತಮಿಳು ಶಾಸನವನ್ನು ಪರಕೀಯವೆಂದು ಉಪೇಕ್ಷಿಸಿದರೆ ಕೋಲಾರದ ಚರಿತ್ರೆಯಲ್ಲಿ ಒಂದು ಅಧ್ಯಾಯವೇ ಲೋಪವಾಗುವುದು. ಗಣಿಯ ಪಟ್ಟಣದಲ್ಲಿಯಾದರೋ ವಸ್ತುವಿನ ಸಂಗ್ರಹಕ್ಕೂ ಮುಂಚೆ ವೃದ್ಧ ಕಾರ್ಮಿಕರ ಬಾಯಿಂದ ಪರಿಭಾಷೆಯನ್ನು ಬರೆದುಕೊಳ್ಳುವ ಕಾರ್ಯವು ನಡೆಯತಕ್ಕದ್ದು.

ಇದರಲ್ಲಿ ಭಾಷಾಧ್ಯಾಪಕರ ಪಾಲು ಅಲ್ಪವಲ್ಲ. ಹಳಗನ್ನಡದ ಪಾಠವನ್ನು ಪುಸ್ತಕದಿಂದ ಮಾತ್ರ ಓದಿದ ವಿದ್ಯಾರ್ಥಿಗೆ ‘ತುಱುಗೊಳ್’ ಎಂಬುದು ಅರ್ಥಕೋಶದ ಶಬ್ದ. ಹಸುಗಳಿಗಾಗಿ ಮಡಿದವನ ಕಲ್ಲನ್ನು ತನ್ನ ಊರಿನಲ್ಲಿಯೇ ಕಂಡವನಿಗೆ ಅದು ನೆರೆಮನೆಯ ವೃತ್ತಾಂತ. ಗೊರವನಿಗೆ ದತ್ತಿಬಿಟ್ಟ ನೆಲವು ಇಂದಿಲ್ಲದಿರಬಹುದು. ಆದರೆ ಅವನಿಗೆ ವಿಧಿಸಿದ ಕರ್ತವ್ಯವು ಅಕ್ಷರಬಲ್ಲವರ ಮೇಲೆ ಉಳಿದೇ ಇದೆ.