ನಮ್ಮ ಸೀಮೆಯ ಎಣ್ಣೆನೀರು

ಚಿತ್ರದುರ್ಗದಲ್ಲಿ ಸಿಹಿನೀರು ಹೊಂಡವೆಂಬುದೊಂದುಂಟು. ಏಳು ಸುತ್ತಿನ ಕೋಟೆಯನ್ನು ನೋಡಲು ಬರುವವರು ಆ ಹೆಸರನ್ನು ಕೇಳಿ ಮುಂದಕ್ಕೆ ನಡೆದುಬಿಡುತ್ತಾರೆ. ಆದರೆ ಒಂದು ನೀರಿಗೆ ಸಿಹಿನೀರೆಂದು ಹೆಸರಿಡಬೇಕಾಗಿ ಬಂದರೆ, ಆ ಸೀಮೆಯಲ್ಲಿ ಸಿಹಿಯಲ್ಲದ ನೀರೂ ಸಾಕಷ್ಟು ಇದ್ದಿರಬೇಕಲ್ಲವೆ? ಹಿರಿಯೂರಿನ ಬಯಲಿನಲ್ಲಿಯೂ ಹೊಸದುರ್ಗ ಹೊಳಲ್ಕೆರೆಗಳ ಅನೇಕ ಗ್ರಾಮಗಳಲ್ಲಿಯೂ ಸಂಸಾರ ಮಾಡಿದ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಳೆ ಬೇಗ ಬೇಯದ ನೀರು, ಹಂಡೆಯ ಒಳಮೈಗೆ ಬಿಳಿಯ ಪೊರೆಯನ್ನು ಕಟ್ಟುವ ನೀರು, ಸಬೂನು ನೊರೆಗಟ್ಟದ ನೀರು ಯಾವುದೆಂಬುದನ್ನು ಅವರು ಬಲ್ಲರು. ನಮ್ಮ ಪೂರ್ವಿಕರು ತಲೆಯನ್ನು ಹೇಗೆ ತೊಳೆದುಕೊಳ್ಳುತ್ತಿದ್ದರೆಂಬ ಚರಿತ್ರೆಯನ್ನು ಈ ನೀರಿನಿಂದಲೇ ಆರಂಭಿಸಬೇಕು.

ಇದೇನು ಚರಿತ್ರೆಗೆ ಯೋಗ್ಯವಾದ ವಿಷಯವೆ ಎಂದು ಕೆಲವರು ಕೇಳಬಹುದು. ಪಾಳೆಯಗಾರರ ಯುದ್ಧಗಳನ್ನು ಕುರಿತು ಬರೆದವರು ಹಲವರಿದ್ದಾರೆ. ಬಚ್ಚಲಮನೆಯನ್ನು ಕುರಿತು ಬರೆದವರು ವಿರಳ. ಆದರೂ ಇಂದು ಕೂದಲು ಉದುರುವುದೆಂದರೆ ಮನೆಮನೆಯಲ್ಲಿಯೂ ಚಿಂತೆ. ಒಂದು ಕಡೆ ಅಂಗಡಿಯ ಸೀಸೆ, ಇನ್ನೊಂದು ಕಡೆ ಅಜ್ಜಿಯ ಪುಡಿ. ಎರಡರ ಪಕ್ಷದವರೂ ಕೂದಲು ಬೆಳೆಸಿಕೊಡುವುದಾಗಿ ಮಾತು ಕೊಡುತ್ತಾರೆ. ಈ ಮಾತಿನಲ್ಲಿ ದಿಟವೆಷ್ಟೆಂಬುದನ್ನು ತಿಳಿಯಲು ಹಿಂದಿನದನ್ನು ಕೊಂಚ ವಿಚಾರಿಸಿ ನೋಡುವುದು ಒಳ್ಳೆಯದು.

ನಮ್ಮ ಸೀಮೆಯ ಮನೆಗಳಲ್ಲಿ ತಲೆಗೆ ಬಳಕೆಯಾಗುತ್ತಿದ್ದ ಮುಖ್ಯ ವಸ್ತುಗಳು ಮೂರು. ಮೊದಲನೆಯದು ಚಿಗರೆ. ಇದನ್ನು ತುಗ್ಗಲಿಯೆಂದೂ ಸುಜ್ಜಲೆಂದೂ ಕರೆಯುವವರುಂಟು. ಮಳೆ ಕಡಮೆಯಾದ ಕಲ್ಲುನೆಲದಲ್ಲಿ, ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಮರವಿದು. ರಾಕ್ಸ್‌ಬರೋ ಎಂಬ ಸಸ್ಯಶಾಸ್ತ್ರಜ್ಞನು ಇದಕ್ಕೆ ಕಹಿಯೆಂಬ ಅರ್ಥದ ‘ಅಮಾರ’ ಎಂಬ ಲ್ಯಾಟಿನ್ ಹೆಸರನ್ನು ಕೊಟ್ಟನು. ಆಲ್ಬಿಜಿಯ ಅಮಾರ ಎಂಬುದು ಇದರ ಈಗಿನ ಶಾಸ್ತ್ರೀಯ ನಾಮ. ಇದರ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿದರೆ ಹಸುರು ಬಣ್ಣದ ಚಿಗರೆಪುಡಿಯಾಗುತ್ತದೆ. ಎರಡನೆಯದು ಅಂಟುವಾಳ. ಇದರ ಕಾಯಿಯ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ ಕಿವುಚಿದರೆ ನೊರೆ ಬರುತ್ತದೆ. ರೇಷ್ಮೆಯ ಸೀರೆಗೂ ಅದೇ, ಚಿನ್ನದ ಒಡವೆಗೂ ಅದೇ. ಮೂರನೆಯದು ಸೀಗೇಕಾಯಿ. ಇದು ಮಲೆನಾಡಿನ ಕಾಡುಗಳಲ್ಲಿ ಹಬ್ಬುವ ಮುಳ್ಳುಬಳ್ಳಿಯ ಕಾಯಿಯಾದ್ದರಿಂದ ಬಯಲುಸೀಮೆಯವರು ಸಂತೆಯಲ್ಲಿ ಕೊಂಡು ತರಬೇಕಾಗಿತ್ತು. ಕೊಳ್ಳುವ ಶಕ್ತಿಯಿದ್ದವರಿಗೆ ಸೀಗೆ, ಇಲ್ಲದವರಿಗೆ ಬೇಲಿಯಾಚೆಯ ಚಿಗರೆ ಎಂಬಂತೆ ನಡೆದುಬಂದಿತು. ಇವುಗಳೊಡನೆ ಮೆಂತ್ಯ, ದಾಸವಾಳದ ಎಲೆ, ನೆಲ್ಲಿಚೆಟ್ಟು, ಅನ್ನದ ಗಂಜಿ ಮುಂತಾದುವನ್ನು ಅವರವರ ಮನೆಯ ಪದ್ಧತಿಯಂತೆ ಕೂಡಿಸುತ್ತಿದ್ದರು. ಲೋಳೆಯುಳ್ಳ ಇಂತಹ ವಸ್ತುಗಳಿಂದ ಕೂದಲು ನುಣುಪಾಗಿ ಸಿಕ್ಕು ಬಿಡಿಸಲು ಸುಲಭವಾಗುತ್ತಿತ್ತು.

ಪುಡಿಗೆ ಮೊದಲು ಎಣ್ಣೆ. ಹೊಲದ ಹರಳಿನಿಂದ ತೆಗೆದ ಹರಳೆಣ್ಣೆ ಬಯಲಿನವರದು. ಹೊಸದುರ್ಗ, ಹೊಳಲ್ಕೆರೆಗಳ ತೋಟದವರಿಗೆ ಕೊಬ್ಬರಿಯೆಣ್ಣೆಯೂ ದೊರೆಯುತ್ತಿತ್ತು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡು ವಾಣೀವಿಲಾಸಸಾಗರದ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಹಿರಿಯೂರಿನ ಸುತ್ತಲೂ ತೆಂಗು ತಲೆಯೆತ್ತಿತು. ಹೆಂಗಸರಿಗೆ ಮಂಗಳವಾರ ಶುಕ್ರವಾರ, ಗಂಡಸರಿಗೆ ಶನಿವಾರ ಎಂದು ಎಣ್ಣೆನೀರಿನ ದಿನಗಳು ಗೊತ್ತಾಗಿದ್ದುವು.

ಈ ಪುಡಿಗಳು ಕೊಳೆಯನ್ನು ತೆಗೆಯುವ ಬಗೆ ಹೇಗೆ? ಮೂರರಲ್ಲಿಯೂ ಸಪೊನಿನ್ ಎಂಬ ದ್ರವ್ಯವಿದೆ. ಇದರ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಆದುದರಿಂದ ಜಿಡ್ಡು ನೀರಿನೊಡನೆ ಕೊಚ್ಚಿಹೋಗುತ್ತದೆ. ಸಬೂನು ಮಾಡುವ ಕೆಲಸವೂ ಇದೇ. ಆದರೆ ನಮ್ಮ ಬಾವಿಗಳ ಗಡಸುನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಸಬೂನಿನೊಡನೆ ಕೂಡಿದ ಕೂಡಲೆ ಬಿಳಿಯ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಸಪೊನಿನ್ನಿಗೆ ಈ ದೋಷವಿಲ್ಲ. ಮೈಸೂರು ಸಂಸ್ಥಾನದ ಸರ್ಕಾರದವರು 1918ರಲ್ಲಿ ಬೆಂಗಳೂರಿನಲ್ಲಿ ಗಂಧದ ಸಬೂನನ್ನು ಮಾಡಲಾರಂಭಿಸಿದ ಮೇಲೆ ನಮ್ಮ ಜನರು ಮೈಗೆ ಅದನ್ನು ಸಂತೋಷದಿಂದ ಬಳಸಿದರೂ, ಎಷ್ಟೋ ಮನೆಗಳಲ್ಲಿ ತಲೆಗೆ ಮಾತ್ರ ಪುಡಿಯನ್ನು ಬಿಡಲಿಲ್ಲ. ಇದನ್ನು ಬರಿಯ ಹಳೆಯ ಹಟವೆಂದು ತಿಳಿಯಬಾರದು. ನಮ್ಮ ನೀರಿಗೆ ತಕ್ಕದ್ದು ಯಾವುದೆಂಬುದನ್ನು ಕೈ ಕಂಡುಕೊಂಡಿತ್ತು.

ಹಾಗಾದರೆ ಈ ಪುಡಿಗಳನ್ನು ನಮ್ಮವರು ಕೂದಲಿನ ರೋಗಕ್ಕೆ ಔಷಧವೆಂದು ಭಾವಿಸಿದ್ದರೆ? ಪ್ರಾಚೀನ ಗ್ರಂಥಗಳನ್ನು ನೋಡಿದರೆ ತೊಳೆಯುವುದು ಬೇರೆ, ಚಿಕಿತ್ಸೆ ಬೇರೆ ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ. ನಿತ್ಯವೂ ತಲೆಗೆ ಎಣ್ಣೆ ಹಚ್ಚಿಕೊಂಡರೆ ಕೂದಲುದುರುವುದೂ ನರೆಯುವುದೂ ಇಲ್ಲವೆಂದು ಚರಕಸಂಹಿತೆ ದಿನಚರಿಯ ಭಾಗದಲ್ಲಿ ಹೇಳುತ್ತದೆ. ಬಿಸಿನೀರು ಕತ್ತಿನಿಂದ ಕೆಳಗೆ ಬಲವನ್ನು ಕೊಡುವುದೆಂದೂ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೆಡುಕೆಂದೂ ವಾಗ್ಭಟನು ಎಚ್ಚರಿಸುತ್ತಾನೆ. ಇವು ಆರೋಗ್ಯವಂತನ ದಿನಚರಿಗೆ ಸೇರಿದ ಮಾತುಗಳು. ರೋಗದ ಮಾತು ಬಂದಾಗ ಧಾಟಿಯೇ ಬೇರೆ. ತಲೆ ಒರಟಾಗಿ ಕೆರೆತವೆದ್ದು ಬಿರಿಯುವುದನ್ನು ಸುಶ್ರುತಸಂಹಿತೆ ‘ದಾರುಣಕ’ವೆಂದು ಬೇರೆಯಾಗಿ ಹೆಸರಿಸುತ್ತದೆ; ಕೂದಲುದುರಿ ಮತ್ತೆ ಹುಟ್ಟದಿರುವುದನ್ನು ‘ಇಂದ್ರಲುಪ್ತ’ವೆನ್ನುತ್ತದೆ. ಥಟ್ಟನೆ ಉದುರುವುದಕ್ಕೂ ಕ್ರಮಕ್ರಮವಾಗಿ ಬೋಳಾಗುವುದಕ್ಕೂ ಇರುವ ಭೇದವನ್ನು ವಾಗ್ಭಟನು ಗುರುತಿಸುತ್ತಾನೆ. ಇಂದ್ರಲುಪ್ತಕ್ಕೆ ಹೇಳಿರುವ ಉಪಾಯಗಳಲ್ಲಿ ರಕ್ತ ತೆಗೆಯುವುದೂ ಗುಲಗಂಜಿಯ ಲೇಪವೂ ಸೇರಿವೆ. ಗುಲಗಂಜಿ ವಿಷವೆಂಬುದನ್ನು ಎಲ್ಲರೂ ಬಲ್ಲರು. ಅದು ವೈದ್ಯನ ಕೈಯಲ್ಲಿರಬೇಕಾದ ವಸ್ತುವೇ ಹೊರತು ಬಚ್ಚಲಿನ ಗೂಡಿನಲ್ಲಿರತಕ್ಕದ್ದಲ್ಲ.

ಸೌಂದರ್ಯ ಮತ್ತು ಭೋಗಗಳಿಗೆ ಸೇರಿದ ಸ್ನಾನವು ಮತ್ತೊಂದು ಬಗೆ. ನಮ್ಮ ಸೀಮೆಯು ನೊಳಂಬವಾಡಿಯೆಂಬ ಹೆಸರಿನಿಂದ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದು ಅಡುಗೆ, ಸುಗಂಧ, ವೈದ್ಯ ಮೊದಲಾದ ನಿತ್ಯದ ವಿಷಯಗಳನ್ನು ಕೂಡಿಸಿಟ್ಟನು. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಅರಸನಿಗೆ ಅದು ಭೋಗ. ನಮ್ಮ ಹಳ್ಳಿಗಳಲ್ಲಿಯಾದರೋ ಅದು ದುಡಿಮೆ. ಬಾವಿಯಿಂದ ಕೊಡಗಟ್ಟಲೆ ನೀರು ಸೇದಬೇಕು, ಸೌದೆ ತರಬೇಕು, ಪುಡಿ ಕುಟ್ಟಬೇಕು. ಒನಕೆಯೆಂದರೆ ದುರ್ಗದವರಿಗೆ ಓಬವ್ವ ನೆನಪಾಗುತ್ತಾಳೆ. ಆದರೆ ಆ ಒಂದು ದಿನದ ಪರಾಕ್ರಮದ ಹಿಂದೆ ಎಷ್ಟೋ ಸಾವಿರ ಹೆಂಗಸರ ದಿನದಿನದ ಒನಕೆಯ ಪೆಟ್ಟಿದೆ. ಬರಗಾಲದ ವರ್ಷಗಳಲ್ಲಿ ಕುಡಿಯಲು ನೀರಿಲ್ಲದಿರುವಾಗ ತಲೆಗೆ ನೀರೆಲ್ಲಿಂದ ಬರಬೇಕು? ಎಣ್ಣೆನೀರಿನ ಭಾಗ್ಯ ಎಲ್ಲರಿಗೂ ಸಮನಾಗಿ ಸಿಕ್ಕಿತೆಂದು ಹೇಳಿದರೆ ಅದು ಚರಿತ್ರೆಯಾಗಲಾರದು.

ಇನ್ನು ಷಾಂಪೂ. ಈ ಮಾತು ಪರದೇಶದ್ದೆಂದು ಬಹು ಜನರ ಭಾವನೆ. ವಾಸ್ತವವಾಗಿ ಇದು ಒತ್ತು, ಅಮುಕು ಎಂಬ ಅರ್ಥದ ‘ಚಾಂಪೋ’ ಎಂಬ ಹಿಂದೀ ಮಾತಿನಿಂದ ಬಂದದ್ದು. 1759ರಲ್ಲಿ ಪಾಟ್ನಾದಲ್ಲಿ ಜನಿಸಿದ ಷೇಕ್ ದೀನ್ ಮಹಮ್ಮದ್ ಎಂಬಾತನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆಯನ್ನು ನಡೆಸಿ, 1822ರಲ್ಲಿ ಷಾಂಪೂ ಮಾಡುವ ವಿಷಯವಾಗಿ ಪುಸ್ತಕವನ್ನೇ ಪ್ರಕಟಿಸಿದನು. ನಾಲ್ಕನೆಯ ಜಾರ್ಜ್ ದೊರೆಯ ಮನ್ನಣೆಯನ್ನೂ ಪಡೆದನು. ಅವನ ಷಾಂಪೂವೆಂದರೆ ಮೈ ಒತ್ತುವುದು. ಆ ಮಾತು ತಲೆ ತೊಳೆಯುವುದಕ್ಕೆ ಅನ್ವಯವಾದದ್ದು ಆಮೇಲೆ. 1903ರಲ್ಲಿ ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕೋಫನು ತಲೆ ತೊಳೆಯುವ ಪುಡಿಯನ್ನು ಪೊಟ್ಟಣದಲ್ಲಿ ಮಾರಿದನು; 1927ರಲ್ಲಿ ಅವನ ಸಂಸ್ಥೆಯಿಂದ ದ್ರವರೂಪದ ಷಾಂಪೂ ಬಂದಿತು. 1934ರಲ್ಲಿ ಅಮೆರಿಕೆಯಲ್ಲಿ ಸಬೂನಿಲ್ಲದೆ ಕೃತಕ ದ್ರವ್ಯದಿಂದ ಮಾಡಿದ ‘ಡ್ರೀನ್’ ಎಂಬ ಷಾಂಪೂ ಹೊರಟಿತು. ಇದರ ಮುಖ್ಯ ಗುಣ ಗಡಸುನೀರಿನಲ್ಲಿಯೂ ಗಸಿ ಕಟ್ಟದಿರುವುದು. ನಮ್ಮ ಚಿಗರೆ ಸೀಗೆಗಳು ಬಹು ಹಿಂದಿನಿಂದಲೂ ಮಾಡುತ್ತಿದ್ದುದು ಇದನ್ನೇ. 1983ರಲ್ಲಿ ಕಡಲೂರಿನಲ್ಲಿ ಆರಂಭವಾದ ‘ಚಿಕ್’ ಮುಂತಾದ ಷಾಂಪೂಗಳು ಸಣ್ಣ ಪೊಟ್ಟಣಗಳಲ್ಲಿ ಹಳ್ಳಿಯ ಅಂಗಡಿಗಳಿಗೂ ಬಂದುವು. ಒನಕೆ ಹಿಡಿದು ದಣಿದ ಕೈಗಳು ಅವನ್ನು ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ; ಅದನ್ನು ಸೋಮಾರಿತನವೆಂದು ಹಳಿಯುವುದು ನ್ಯಾಯವೂ ಅಲ್ಲ.

ಔಷಧಯುಕ್ತ ಷಾಂಪೂವಿನ ಕಥೆ ಬೇರೆ. ತಲೆಯ ಹೊಟ್ಟಿನಲ್ಲಿ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವಿರುವುದನ್ನು ಫ್ರಾನ್ಸಿನ ಮಲಸ್ಸೇ ಎಂಬ ವಿದ್ವಾಂಸನು 1874ರಲ್ಲಿ ವರ್ಣಿಸಿದನು. ಅವನ ಹೆಸರೇ ಆ ಜೀವಿಗೆ ನಿಂತಿತು. ಅದು ಎಲ್ಲರ ತಲೆಯಲ್ಲಿಯೂ ಇರುವುದು. ಕೆಲವರಲ್ಲಿ ಮಾತ್ರ ಕೆರಳಿಸಿ ಹೊಟ್ಟು ಬರಿಸುವುದು. ಅದನ್ನು ಅಡಗಿಸುವ ಸೆಲೆನಿಯಮ್ ಸಲ್ಫೈಡ್ 1951ರಲ್ಲಿಯೂ ಜಿಂಕ್ ಪೈರಿಥಿಯೋನ್ 1961ರಲ್ಲಿಯೂ ಷಾಂಪೂವಾಗಿ ಮಾರಾಟಕ್ಕೆ ಬಂದುವು. ಆಮೇಲೆ ಕೀಟೋಕೊನಜೋಲ್ ಬಂದಿತು. ಇವನ್ನು ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆದರೇ ಫಲ. ಇಲ್ಲಿ ನಮ್ಮ ಸಂಪ್ರದಾಯಕ್ಕೆ ಒಂದು ತಿದ್ದುಪಡಿಯೂ ಬೇಕಾಗಿದೆ. ಆ ಶಿಲೀಂಧ್ರಕ್ಕೆ ಆಹಾರವೇ ಜಿಡ್ಡು. ಹೊಟ್ಟಿರುವ ತಲೆಯಲ್ಲಿ ದಿನಗಟ್ಟಲೆ ಎಣ್ಣೆಯನ್ನು ನಿಲ್ಲಿಸಿದರೆ ಹೊಟ್ಟು ಹೆಚ್ಚಬಹುದು. ಕೊಬ್ಬರಿಯೆಣ್ಣೆ ಕೂದಲಿನ ಎಳೆಯೊಳಕ್ಕೆ ಇಳಿದು ಅದರ ಸವೆತವನ್ನು ಕಡಮೆ ಮಾಡುವುದೆಂದು 2003ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಿಂದ ತಿಳಿದುಬಂದಿದೆ. ಅದನ್ನು ನಡೆಸಿದವರು ಆ ಎಣ್ಣೆಯನ್ನು ಮಾರುವ ಸಂಸ್ಥೆಯವರೇ ಎಂಬುದನ್ನೂ ಹೇಳಬೇಕು. ಆದರೆ ಎಳೆಯ ರಕ್ಷಣೆ ಬೇರೆ, ಬೇರಿನಿಂದ ಹೊಸ ಕೂದಲು ಹುಟ್ಟುವುದು ಬೇರೆ.

ಬೇರಿನ ಮಾತೇ ಮುಖ್ಯವಾದುದು. ಬಾಣಂತಿಗೆ ಹೆರಿಗೆಯಾದ ಮೂರನೆಯ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುವುದನ್ನು ನಮ್ಮ ಮನೆಗಳಲ್ಲಿ ಯಾರು ಕಾಣರು? ವಿಷಮಶೀತಜ್ವರದಂತಹ ದೊಡ್ಡ ಜ್ವರವಾದ ಎರಡು ಮೂರು ತಿಂಗಳ ಮೇಲೂ ಹಾಗೆಯೇ. ಆಗ ನೀರನ್ನು ದೂರುತ್ತಾರೆ, ಎಣ್ಣೆಯನ್ನು ಬದಲಾಯಿಸುತ್ತಾರೆ, ಹೊಸ ಪುಡಿಯನ್ನು ತರಿಸುತ್ತಾರೆ. ಕೆಲವು ತಿಂಗಳಲ್ಲಿ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳಿ ಬರುತ್ತದೆ. ಕಡೆಯಲ್ಲಿ ಹಚ್ಚಿದ್ದು ಯಾವುದೋ ಅದಕ್ಕೆ ಕೀರ್ತಿ ಬರುತ್ತದೆ. ಕಾಲ ಮಾಡಿದ ಉಪಕಾರವನ್ನು ಹೀಗೆ ಪುಡಿಯೂ ಸೀಸೆಯೂ ತಮ್ಮ ಲೆಕ್ಕಕ್ಕೆ ಬರೆದುಕೊಂಡಿವೆ. ಎಲ್ಲವೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ದೋಷ, ಮಕ್ಕಳ ತಲೆಗೆ ಹತ್ತುವ ಹುಳುಕಡ್ಡಿ ಇವುಗಳಿಂದಲೂ ಕೂದಲುದುರುವುದು. ಹುಳುಕಡ್ಡಿಗೆ ಹೊಟ್ಟೆಗೆ ಔಷಧ ಕೊಡದೆ ಗುಣವಾಗುವುದು ಕಷ್ಟ. ವಂಶದಿಂದ ಬರುವ ಬೋಳಿಗೆ ಮಿನಾಕ್ಸಿಡಿಲ್ ಎಂಬ ಲೇಪವನ್ನು ಅಮೆರಿಕೆಯ ಸರ್ಕಾರ 1988ರಲ್ಲಿ ಅಂಗೀಕರಿಸಿತು. ಅದೂ ಕೆಲವರಿಗೆ ಮಾತ್ರ, ಹಚ್ಚುತ್ತಿರುವವರೆಗೆ ಮಾತ್ರ ಫಲಕಾರಿ. ಬೋಳನ್ನು ವಾಸಿಮಾಡುವೆನೆಂದೂ ಹೊಸ ಕೂದಲು ಬರಿಸುವೆನೆಂದೂ ಔಷಧವನ್ನು ಮಾರಬಾರದೆಂದು ನಮ್ಮ ದೇಶದ 1945ರ ಔಷಧ ನಿಯಮಗಳಿಗೆ ಸೇರಿದ ‘ಜೆ’ ಅನುಸೂಚಿಯೇ ಹೇಳುತ್ತದೆ. ಹೀಗಿದ್ದೂ ಜಾಹೀರಾತುಗಳು ನಿಂತಿಲ್ಲ. ಬಳಲಿದ ಹೆಣ್ಣುಮಗಳೊಬ್ಬಳು ವರ್ಷವೆಲ್ಲ ಪುಡಿ ಬದಲಾಯಿಸುತ್ತ ರಕ್ತಪರೀಕ್ಷೆಯನ್ನು ಮುಂದೂಡಿದರೆ, ನಷ್ಟವಾಗುವುದು ಕೂದಲು ಮಾತ್ರವಲ್ಲ.

ಆದಕಾರಣ ಚಿಗರೆ ಸೀಗೆಗಳನ್ನು ನಾವು ಕಾಪಾಡಬೇಕಾದುದು ಅವು ದಿವ್ಯೌಷಧಿಗಳೆಂದಲ್ಲ. ನಮ್ಮ ನೀರನ್ನೂ ನೆಲವನ್ನೂ ಅರಿತ ಒಳ್ಳೆಯ ಮಾರ್ಜಕಗಳೆಂದು. ಕಣ್ಣಿಗೆ ಬಿದ್ದರೆ ಉರಿಯೆಂಬ ಒಂದು ಮಾತನ್ನು ಬಿಟ್ಟರೆ ಅವುಗಳಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ಯಾವ ಊರಿನಲ್ಲಿ ಯಾವ ಸೊಪ್ಪು, ಯಾವ ಬಾವಿಯ ನೀರಿಗೆ ಯಾವ ಹದ ಎಂಬುದನ್ನು ಬಲ್ಲ ವೃದ್ಧೆಯರು ಈಗಲೂ ನಾಲ್ಕು ತಾಲ್ಲೂಕುಗಳಲ್ಲಿಯೂ ಇದ್ದಾರೆ. ವಾಚಕರು ತಮ್ಮ ತಮ್ಮ ಮನೆಯ ಹಿರಿಯರನ್ನು ಕೇಳಿ ಆ ಹೆಸರುಗಳನ್ನೂ ಪ್ರಮಾಣಗಳನ್ನೂ ಬರೆದಿಟ್ಟರೆ, ಈ ಚರಿತ್ರೆಯಲ್ಲಿ ಇನ್ನೂ ಖಾಲಿಯಿರುವ ಪುಟಗಳು ತುಂಬಿಯಾವು.